ಘಟ್ಟ ಹತ್ತಿದರೆ ಸಾಲದು: ಹಾಸನ, ಚಿಕ್ಕಮಗಳೂರಿನಿಂದ ರಾಷ್ಟ್ರೀಯ ಟೈಮ್ ಟ್ರಯಲ್‌ಗೆ ತಯಾರಾಗುವ ಕ್ರಮ

ಮುಳ್ಳಯ್ಯನಗಿರಿ ಹತ್ತುವುದರಲ್ಲಿ ನಮ್ಮ ಕಡೆಯ ಸೈಕಲ್ ಸವಾರರು ಯಾರಿಗೂ ಕಡಿಮೆ ಇಲ್ಲ. ಅದೇ ಸವಾರರು ಒಬ್ಬೊಬ್ಬರೇ ಗಡಿಯಾರಕ್ಕೆ ಎದುರಾಗಿ ತುಳಿಯುವ ಟೈಮ್ ಟ್ರಯಲ್‌ಗೆ ಹೋದರೆ ಅರ್ಧ ದಾರಿಗೇ ಸುಸ್ತಾಗುತ್ತಾರೆ. ಕಾಲಲ್ಲಿ ಕಸುವಿಲ್ಲ ಅಂತಲ್ಲ. ಮೊದಲ ಐದು ನಿಮಿಷ ಮಿತಿ ಮೀರಿ ತುಳಿಯುತ್ತಾರೆ. ಬಗ್ಗಿದ ಭಂಗಿಯಲ್ಲಿ ಇರಲಾಗದೆ ಹದಿನೈದನೇ ಕಿಲೋಮೀಟರಿಗೆ ಎದ್ದು ಕೂರುತ್ತಾರೆ. ಇನ್ನು ಕೆಲವರು ಸ್ಟಾರ್ಟ್ ಹತ್ತಿರ ಸೈಕಲ್ ತಪಾಸಣೆಯಲ್ಲೇ ಸಿಕ್ಕಿಹಾಕಿಕೊಂಡು, ಬೆವರಿ, ತಲೆ ಕೆಡಿಸಿಕೊಂಡು ಹೊರಡುತ್ತಾರೆ. ವರ್ಷ ವರ್ಷವೂ ಇದೇ ಕಥೆ.

ಏರಿನಲ್ಲಿ ನಿಮ್ಮನ್ನು ಕಾಡುವುದು ಮೈತೂಕ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ ವೇಗ ಮುಟ್ಟಿದಾಗ ನೀವು ಹಾಕುವ ಶಕ್ತಿಯಲ್ಲಿ ಶೇ. 80ಕ್ಕಿಂತ ಜಾಸ್ತಿ ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಟೈಮ್ ಟ್ರಯಲ್‌ನಲ್ಲಿ ಒಬ್ಬೊಬ್ಬರನ್ನೇ ಒಂದೆರಡು ನಿಮಿಷದ ಅಂತರದಲ್ಲಿ ಬಿಡುತ್ತಾರೆ. ಮುಂದೆ ಗಾಳಿ ತಡೆಯಲು ಯಾರೂ ಇರುವುದಿಲ್ಲ. ಹಾಗಾಗಿ ಘಟ್ಟದಲ್ಲಿ ಕಲಿತದ್ದರಲ್ಲಿ ಅರ್ಧ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮುಖ್ಯವಾಗಿ ಭಂಗಿ ಸರಿಮಾಡಿಕೊಳ್ಳುವ ಮುಂಚೆ ಅಭ್ಯಾಸ ಶುರು ಮಾಡಬೇಡಿ. ನೆಟ್ಟಗೆ ಕೂತು ಮೂರು ತಿಂಗಳು ತಯಾರಾಗಿ, ಕೊನೇ ವಾರ ಏರೋ ಬಾರ್ (ಮೊಣಕೈ ಊರಿ ಮುಂದಕ್ಕೆ ಬಗ್ಗಲು ಹ್ಯಾಂಡಲ್‌ಗೆ ಹಾಕುವ ಕೊಳವೆ) ಹಾಕಿಕೊಂಡರೆ ಆ ಮೂರು ತಿಂಗಳು ನೀರಿಗೆ ಹಾಕಿದಂತೆ.

ಹಂತ 1: ಮೊದಲು ಕಾಗದ ಪತ್ರ

ರಾಷ್ಟ್ರೀಯ ರೋಡ್ ಚಾಂಪಿಯನ್‌ಷಿಪ್ ಸೈಕ್ಲಿಂಗ್ ಫೆಡರೇಷನ್ ಆಫ್ ಇಂಡಿಯಾದ್ದು. ಅಲ್ಲಿಗೆ ಹೋಗಿ ನೇರವಾಗಿ ಹೆಸರು ಕೊಡಲು ಆಗುವುದಿಲ್ಲ. ರಾಜ್ಯ ಮಟ್ಟದ ಸ್ಪರ್ಧೆ ಅಥವಾ ಆಯ್ಕೆಯಲ್ಲಿ ಓಡಿಸಿ, ರಾಜ್ಯ ತಂಡದ ಪಟ್ಟಿಗೆ ಬರಬೇಕು. ರೈಲ್ವೆ, ಸೇನೆಯಲ್ಲಿ ಕೆಲಸ ಮಾಡುವವರಿಗೆ ಅವರದೇ ತಂಡಗಳಿರುತ್ತವೆ. ರಾಜ್ಯ ಮಟ್ಟದಲ್ಲಿ ನಿಮಗೆ ಎದುರಾಗುವುದು ವಿಜಯಪುರ, ಬಾಗಲಕೋಟೆ ಕಡೆಯವರು. ಚಿಕ್ಕಂದಿನಿಂದ ಬಯಲಿನ ಗಾಳಿಯಲ್ಲೇ ತುಳಿದವರು ಅವರು. ಅದನ್ನು ನೆನಪಿಟ್ಟುಕೊಂಡೇ ತಯಾರಾಗಿ.

ಸಾಮಾನ್ಯವಾಗಿ ಕೇಳುವುದು ಜನನ ಪ್ರಮಾಣಪತ್ರ, ಆಧಾರ್, ಫೋಟೋ, ವೈದ್ಯರ ಫಿಟ್‌ನೆಸ್ ಪತ್ರ ಮತ್ತು ರೇಸಿಂಗ್ ಲೈಸೆನ್ಸ್. ಲೈಸೆನ್ಸ್ ವರ್ಷಕ್ಕೊಮ್ಮೆ ನವೀಕರಿಸಬೇಕು. ಎಲ್ಲ ಕಾಗದಗಳಲ್ಲಿ ಹೆಸರು ಒಂದೇ ರೀತಿ ಇದೆಯಾ ನೋಡಿ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೆ ಈಗಲೇ ಸರಿಮಾಡಿಸಿ.

ವಯಸ್ಸಿನ ವಿಭಾಗದಲ್ಲಿ ತುಂಬ ಜನ ಎಡವುತ್ತಾರೆ. ಅಂತಾರಾಷ್ಟ್ರೀಯ ಒಕ್ಕೂಟ ಯುಸಿಐ ಲೆಕ್ಕದಲ್ಲಿ ಹುಟ್ಟಿದ ದಿನ, ತಿಂಗಳು ಲೆಕ್ಕಕ್ಕಿಲ್ಲ, ಇಸವಿ ಮಾತ್ರ. ಸ್ಪರ್ಧೆಯ ಇಸವಿಯಲ್ಲಿ ಹುಟ್ಟಿದ ಇಸವಿ ಕಳೆಯಿರಿ. 17 ಅಥವಾ 18 ಬಂದರೆ ಜೂನಿಯರ್. 19ರಿಂದ 22 ಬಂದರೆ 23ರ ಒಳಗಿನವರು. 23 ಮತ್ತು ಮೇಲೆ ಎಲೀಟ್. 2008ರ ಜನವರಿಯಲ್ಲಿ ಹುಟ್ಟಿದವರೂ ಡಿಸೆಂಬರ್‌ನಲ್ಲಿ ಹುಟ್ಟಿದವರೂ 2026ರ ಇಡೀ ವರ್ಷ ಜೂನಿಯರ್‌ಗಳೇ. 17ಕ್ಕಿಂತ ಚಿಕ್ಕವರಿಗೆ ಬೇರೆ ವಿಭಾಗಗಳಿರುತ್ತವೆ.

ಹಂತ 2: ಸುತ್ತೋಲೆಯನ್ನು ಪೂರ್ತಿ ಓದಿ

ಸ್ಪರ್ಧೆಗೆ ಮುಂಚೆ ಸುತ್ತೋಲೆ ಬರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿದ ಅರ್ಧ ಪುಟದ ಫೋಟೋ ನೋಡಿ ಸುಮ್ನೆ ಆಗಬೇಡಿ. ನಿಮ್ಮ ವಿಭಾಗದ ದೂರ ಎಷ್ಟು, ರಸ್ತೆಯಲ್ಲಿ ಯು ಟರ್ನ್ ಇದೆಯಾ, ಸೈಕಲ್ ತಪಾಸಣೆ ಎಷ್ಟು ಹೊತ್ತಿಗೆ, ಹಿಂದೆ ವಾಹನ ಬಿಡುತ್ತಾರಾ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಲೀಟ್ ಪುರುಷರಿಗೆ ಸಾಮಾನ್ಯವಾಗಿ 40 ಕಿ.ಮೀ ಸುತ್ತಮುತ್ತ ಇರುತ್ತದೆ. ಉಳಿದ ವಿಭಾಗಗಳಿಗೆ ಕಡಿಮೆ. ದೂರ ಗೊತ್ತಾಗದೆ ಅಭ್ಯಾಸದ ಲೆಕ್ಕ ಹಾಕಲು ಬರುವುದಿಲ್ಲ. 20 ಕಿ.ಮೀ ತುಳಿಯುವ ರೀತಿಯೇ ಬೇರೆ, 40ರದ್ದೇ ಬೇರೆ.

ಹಂತ 3: ಏನೇನು ಬೇಕು, ಯಾವುದು ಮೊದಲು

ಟೈಮ್ ಟ್ರಯಲ್ ಸೈಕಲ್ ಇಲ್ಲದೆ ಇದಕ್ಕೆ ಇಳಿಯಬಾರದು ಅನ್ನುವ ಮಾತು ನಂಬಬೇಡಿ. ಮೊದಲ ವರ್ಷಕ್ಕೆ ಒಳ್ಳೆ ರೋಡ್ ಸೈಕಲ್ ಮತ್ತು ಅದರ ಹ್ಯಾಂಡಲ್‌ಗೆ ಸಿಕ್ಕಿಸುವ ಕ್ಲಿಪ್ ಆನ್ ಏರೋ ಬಾರ್ ಸಾಕು. ಒಂದು ಎಚ್ಚರ: ಹ್ಯಾಂಡಲ್ ಕಾರ್ಬನ್ ಆಗಿದ್ದರೆ, ಅದಕ್ಕೆ ಏರೋ ಬಾರ್ ಬಿಗಿಯಬಹುದಾ ಅಂತ ತಯಾರಕರ ಸೂಚನೆ ನೋಡಿ. ಎಲ್ಲ ಹ್ಯಾಂಡಲ್‌ಗಳೂ ಆ ಹಿಡಿತ ತಡೆಯುವುದಿಲ್ಲ. ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲೇ ಬಿಗಿಯಿರಿ. ಕೈ ಅಂದಾಜು ಇಲ್ಲಿ ಬೇಡ.

ದುಡ್ಡು ಕಡಿಮೆ ಇದ್ದರೆ ಈ ಕ್ರಮದಲ್ಲಿ ಖರ್ಚು ಮಾಡಿ. ಮೊದಲು ಮೈಗೆ ಅಂಟಿಕೊಳ್ಳುವ ಬಟ್ಟೆ. ಪಟಪಟ ಅನ್ನುವ ಜರ್ಸಿ ಹಾಕಿಕೊಂಡು ದುಬಾರಿ ಚಕ್ರ ಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಆಮೇಲೆ ಏರೋ ಬಾರ್, ನಂತರ ಏರೋ ಹೆಲ್ಮೆಟ್, ನಂತರ ಒಳ್ಳೆ ಟೈರು. ಆಳವಾದ ರಿಮ್, ಹಿಂದಿನ ಡಿಸ್ಕ್ ಚಕ್ರ ಕೊನೆಗೆ. ಅದನ್ನು ಯಾರಾದರೂ ಗೆಳೆಯರಿಂದ ಒಂದು ದಿನಕ್ಕೆ ಎರವಲು ತಂದರೂ ನಡೆಯುತ್ತದೆ. ಆದರೆ ಸ್ಪರ್ಧೆಯ ದಿನವೇ ಮೊದಲ ಸಲ ಹಾಕಬೇಡಿ. ಅಡ್ಡ ಗಾಳಿಗೆ ಮುಂದಿನ ಚಕ್ರ ಎಳೆಯುವುದು ಹೇಗಿರುತ್ತದೆ ಅಂತ ಮುಂಚೆಯೇ ಗೊತ್ತಿರಬೇಕು.

ತುಳಿಯುವ ಶಕ್ತಿಯನ್ನು ವ್ಯಾಟ್‌ನಲ್ಲಿ ತೋರಿಸುವ ಪವರ್ ಮೀಟರ್ ಇದ್ದರೆ ಅಭ್ಯಾಸ ಸುಲಭ. ಇಲ್ಲದಿದ್ದರೆ ಎದೆಪಟ್ಟಿಯ ಹಾರ್ಟ್ ರೇಟ್ ಮಾನಿಟರ್ ಸಾಕು.

ಮಳೆಗಾಲಕ್ಕೆ ಟ್ರೈನರ್, ಅಂದರೆ ಸೈಕಲ್ ಸಿಕ್ಕಿಸಿ ನಿಂತಲ್ಲೇ ತುಳಿಯುವ ಸಾಧನ, ಬೇಕೇ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಸಕಲೇಶಪುರದವರಿಗೆ ಹೊರಗಿನ ಅಭ್ಯಾಸ ಅನ್ನುವುದೇ ಇರುವುದಿಲ್ಲ. ಕೊಳ್ಳುವಾಗ ಒಂದು ಯೋಚನೆ ಇರಲಿ. ಸ್ಮಾರ್ಟ್ ಟ್ರೈನರ್‌ಗಳಲ್ಲಿ ಹಲವು ಕರೆಂಟ್ ಹೋದ ಕೂಡಲೇ ಬಿಗಿ ಕಳೆದುಕೊಳ್ಳುತ್ತವೆ. ಮಲೆನಾಡಿನ ಮಳೆಯಲ್ಲಿ ಕರೆಂಟ್ ಕಥೆ ನಿಮಗೆ ಗೊತ್ತೇ ಇದೆ ಅಲ್ವಾ? ಹಿಂದಿನ ಚಕ್ರಕ್ಕೆ ಒತ್ತುವ ಮ್ಯಾಗ್ನೆಟಿಕ್ ಟ್ರೈನರ್‌ಗೆ ಕರೆಂಟ್ ಬೇಡ, ಬೆಲೆಯೂ ಕಡಿಮೆ.

ಹಂತ 4: ಭಂಗಿ

ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಇಲ್ಲೇ. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಗುರಿ ತೀರಾ ಬಗ್ಗುವುದಲ್ಲ. ಸ್ಪರ್ಧೆಯ ಪೂರ್ತಿ ಹೊತ್ತು ಇರಬಲ್ಲ ಭಂಗಿಗಳಲ್ಲಿ ಅತಿ ಕಿರಿದಾದದ್ದನ್ನು ಹುಡುಕುವುದು. ಇಪ್ಪತ್ತು ನಿಮಿಷ ಬಗ್ಗಿ, ನಲವತ್ತು ನಿಮಿಷ ಎದ್ದು ಕೂತರೆ ಪೂರ್ತಿ ಹೊತ್ತು ಸ್ವಲ್ಪ ಎತ್ತರದಲ್ಲಿ ಇದ್ದವರೇ ಮುಂದೆ ಹೋಗುತ್ತಾರೆ.

ಸೈಕಲ್ ಅನ್ನು ಟ್ರೈನರ್‌ಗೆ ಹಾಕಿ. ಈಗಿನ ಸೀಟಿನ ಎತ್ತರ, ಹಿಂದೆ ಮುಂದೆ ಇರುವ ಜಾಗವನ್ನು ಅಳೆದು ಬರೆದಿಡಿ. ಟೇಪ್‌ನಲ್ಲಿ ಗುರುತು ಹಾಕಿ. ಏರೋ ಬಾರ್‌ನಲ್ಲಿ ಮೊಣಕೈ ಊರಿದಾಗ ಸೊಂಟ ಮುಂದಕ್ಕೆ ಹೊರಳುತ್ತದೆ. ಆಗ ಸೀಟನ್ನೂ ಸ್ವಲ್ಪ ಮುಂದಕ್ಕೆ ತರಬೇಕು, ಹಾಗೆ ತಂದಷ್ಟು ತುಸು ಎತ್ತರಿಸಬೇಕು. ಒಂದೇ ಸಲ 3 ಸೆಂ.ಮೀ ಸರಿಸಬೇಡಿ. ಅರ್ಧ ಸೆಂ.ಮೀ ಸರಿಸಿ, ಎರಡು ಮೂರು ಸಲ ತುಳಿದು ನೋಡಿ, ಆಮೇಲೆ ಮುಂದಿನದು.

ಮೊಣಕೈ ಪ್ಯಾಡ್‌ಗಳನ್ನು ಎತ್ತರದಿಂದ ಶುರು ಮಾಡಿ. ಪ್ಯಾಡ್ ಕೆಳಗೆ ಎತ್ತರಕ್ಕೆ ಕೊಟ್ಟಿರುವ ಬಿಲ್ಲೆ, ಅಂದರೆ ಸ್ಪೇಸರ್, ಒಂದೊಂದೇ ತೆಗೆಯುತ್ತಾ ಬನ್ನಿ. ಮೇಲ್ತೋಳು ನೆಲಕ್ಕೆ ಹೆಚ್ಚುಕಡಿಮೆ ಲಂಬವಾಗಿ ನಿಲ್ಲಬೇಕು. ಭಾರ ಮೂಳೆಯ ಮೇಲೆ ಬೀಳಬೇಕು, ಭುಜದ ಸ್ನಾಯುವಿನ ಮೇಲಲ್ಲ. ಭುಜ ಹತ್ತು ನಿಮಿಷಕ್ಕೇ ಉರಿಯುತ್ತಿದ್ದರೆ ಪ್ಯಾಡ್ ತೀರಾ ಮುಂದಿದೆ ಅಂತ ಅರ್ಥ.

ತಲೆ ಬಗ್ಗೆ ಯಾರೂ ಹೇಳುವುದಿಲ್ಲ. ಬೆನ್ನು ಚಪ್ಪಟೆಯಾಗಿದ್ದು ತಲೆ ಮಾತ್ರ ಆಮೆಯ ಕತ್ತಿನಂತೆ ಮೇಲೆದ್ದಿದ್ದರೆ ಮಾಡಿದ್ದೆಲ್ಲ ಅರ್ಧ ವ್ಯರ್ಥ. ಭುಜಗಳನ್ನು ಕಿವಿಯ ಹತ್ತಿರಕ್ಕೆ ಎಳೆದುಕೊಂಡು ತಲೆಯನ್ನು ಅವುಗಳ ನಡುವೆ ಇಳಿಸಿ. ಕಣ್ಣು ಮಾತ್ರ ಮೇಲೆತ್ತಿ ರಸ್ತೆ ನೋಡಿ. ಮನೆಯವರಿಗೆ ಫೋನ್ ಕೊಟ್ಟು ಪಕ್ಕದಿಂದ, ಎದುರಿನಿಂದ ವಿಡಿಯೋ ತೆಗೆಸಿ. ನೀವು ಅಂದುಕೊಂಡಿರುವ ಭಂಗಿಗೂ ನಿಜವಾಗಿ ಇರುವ ಭಂಗಿಗೂ ಬಹಳ ವ್ಯತ್ಯಾಸ ಇರುತ್ತದೆ.

ಹೀಗಾದರೆ ನಿಲ್ಲಿಸಿ, ಬದಲಿಸಿ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿರಬಹುದು. ಮಂಡಿಯ ಹಿಂಭಾಗ ಎಳೆಯುತ್ತಿದ್ದರೆ, ತುಳಿಯುವಾಗ ಸೊಂಟ ಎಡಕ್ಕೂ ಬಲಕ್ಕೂ ಆಡುತ್ತಿದ್ದರೆ ಸೀಟು ಎತ್ತರ. ತೊಡೆಯ ಸಂದಿಯಲ್ಲಿ ಜೋಮು ಹಿಡಿಯುವುದನ್ನು ನಾಚಿಕೆಯಿಂದ ಮುಚ್ಚಿಡಬೇಡಿ. ಸೀಟಿನ ಮೂತಿಯನ್ನು ಒಂದೆರಡು ಡಿಗ್ರಿ ಇಳಿಸಿ ನೋಡಿ. ಹೋಗದಿದ್ದರೆ ಮೂತಿ ಗಿಡ್ಡ ಇರುವ ಸೀಟು ಬೇಕು. ಇನ್ನೂರು ಅಡಿ ಮುಂದಿನ ರಸ್ತೆ ಕಾಣದಷ್ಟು ಬಗ್ಗಿದ್ದರೆ ಅದು ಭಂಗಿಯಲ್ಲ, ಅಪಾಯ.

ಹೊಸ ಭಂಗಿಗೆ ಮೈ ಒಗ್ಗಲು ಮೂರು ನಾಲ್ಕು ವಾರ ಬೇಕು. ಮೊದಲು ಐದು ನಿಮಿಷದ ತುಣುಕುಗಳು, ಆಮೇಲೆ ಹತ್ತು, ಇಪ್ಪತ್ತು. ಮೊದಲಿಗೆ ವ್ಯಾಟ್ ಸ್ವಲ್ಪ ಇಳಿಯುತ್ತದೆ, ಹೆದರಬೇಡಿ. ನಾಲ್ಕು ವಾರದ ನಂತರವೂ ಶೇ. 10ರಷ್ಟು ಇಳಿದೇ ಇದ್ದರೆ ಪ್ಯಾಡ್ ಒಂದು ಸ್ಪೇಸರ್ ಮೇಲೇರಿಸಿ.

ಹಂತ 5: ಅಳತೆ ಮನೆಯಲ್ಲೇ ಮುಗಿಸಿ

ತೀರ್ಪುಗಾರರು ಸೈಕಲ್ ಅನ್ನು ಅಳತೆಯ ಚೌಕಟ್ಟಿನಲ್ಲಿ ನಿಲ್ಲಿಸಿ ನೋಡುತ್ತಾರೆ. ಯುಸಿಐ ನಿಯಮದಲ್ಲಿ ಏರೋ ಬಾರ್ ಎಷ್ಟು ಮುಂದೆ ಚಾಚಬಹುದು ಅನ್ನುವುದು ಸವಾರರ ಎತ್ತರದ ಮೇಲೆ ನಿಂತಿದೆ. ಬಾಟಮ್ ಬ್ರಾಕೆಟ್ ಆಕ್ಸಲ್‌ನ (ಎರಡೂ ಪೆಡಲ್ ತೋಳುಗಳನ್ನು ಸೇರಿಸುವ ಫ್ರೇಮ್‌ನೊಳಗಿನ ಅಚ್ಚು) ನಡುಭಾಗದಿಂದ ಬಾರ್ ತುದಿಯವರೆಗಿನ ಅಡ್ಡಳತೆ 180 ಸೆಂ.ಮೀಗಿಂತ ಗಿಡ್ಡ ಇರುವವರಿಗೆ 80 ಸೆಂ.ಮೀ ದಾಟುವಂತಿಲ್ಲ. 180ರಿಂದ 189.9 ಸೆಂ.ಮೀ ಇರುವವರಿಗೆ 83. 190 ಮತ್ತು ಮೇಲಿನವರಿಗೆ 85. ಮೊಣಕೈ ಪ್ಯಾಡ್‌ಗಿಂತ ಬಾರ್ ತುದಿ ಎಷ್ಟು ಎತ್ತರ ಇರಬಹುದು ಅನ್ನುವುದಕ್ಕೂ ಮಿತಿ ಇದೆ: ಇದೇ ಕ್ರಮದಲ್ಲಿ 10, 12, 14 ಸೆಂ.ಮೀ. ಸೀಟಿನ ಇಳಿಜಾರು 9 ಡಿಗ್ರಿ ಮೀರಬಾರದು. ಸೈಕಲ್ ತೂಕ 6.8 ಕೆ.ಜಿಗಿಂತ ಕಡಿಮೆ ಇರಬಾರದು. ಅದರ ಚಿಂತೆ ನಮ್ಮಲ್ಲಿ ಬಹಳ ಜನಕ್ಕೆ ಬರುವುದಿಲ್ಲ ಬಿಡಿ. ಸಾಕ್ಸ್‌ಗೂ ನಿಯಮ ಇದೆ. ಹರಡಿಗೂ ಮಂಡಿಗೂ ನಡುವಿನ ಅರ್ಧ ದಾಟಬಾರದು.

ಅಳೆಯಲು ಗಾರೆ ಮೇಸ್ತ್ರಿ ಹತ್ತಿರ ಇರುವ ತೂಕದ ಗುಂಡು ಸಾಕು. ಸಮತಟ್ಟು ನೆಲದಲ್ಲಿ ಸೈಕಲ್ ನೆಟ್ಟಗೆ ನಿಲ್ಲಿಸಿ. ಬಾಟಮ್ ಬ್ರಾಕೆಟ್ ಆಕ್ಸಲ್‌ನ ನಡುವಿನಿಂದ ದಾರ ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಬಾರ್ ತುದಿಯಿಂದ ಇಳಿಬಿಟ್ಟು ಇನ್ನೊಂದು ಗುರುತು. ಗೇರ್ ಲಿವರ್ ತುದಿಯಲ್ಲಿದ್ದರೆ ಅದನ್ನೂ ಸೇರಿಸಿಯೇ ಅಳೆಯಿರಿ. ಎರಡು ಗುರುತುಗಳ ನಡುವೆ ಟೇಪ್ ಹಿಡಿಯಿರಿ. ಸೀಟಿನ ಇಳಿಜಾರಿಗೆ ಫೋನ್‌ನ ಲೆವೆಲ್ ಆ್ಯಪ್ ನಡೆಯುತ್ತದೆ.

ಮಿತಿಗಿಂತ ಅರ್ಧ ಸೆಂ.ಮೀ ಒಳಗೇ ಇರಲಿ. ಅವರ ಚೌಕಟ್ಟು ನಿಮ್ಮ ಟೇಪಿಗೆ ಒಪ್ಪದೇ ಇರಬಹುದು. ಸುತ್ತೋಲೆಯಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದೇ ಲೆಕ್ಕ.

ಹಂತ 6: ರಸ್ತೆ ಆರಿಸುವುದು

ಬಾಬಾಬುಡನ್‌ಗಿರಿ, ಚಾರ್ಮಾಡಿಯನ್ನು ಸದ್ಯಕ್ಕೆ ಮರೆತುಬಿಡಿ. ನಿಮಗೆ ಬೇಕಾದದ್ದು ತಿರುವು, ಹಂಪ್, ಊರು ಕಡಿಮೆ ಇರುವ 8ರಿಂದ 10 ಕಿ.ಮೀ ತುಣುಕು. ಹೋಗಿ ಬರುವುದಕ್ಕೆ ಅಷ್ಟು ಸಾಕು. ಚಿಕ್ಕಮಗಳೂರಿನವರು ಸಖರಾಯಪಟ್ಟಣದಿಂದ ಕಡೂರಿನ ಕಡೆ ಹುಡುಕಿ. ಅಲ್ಲಿ ಬಯಲುಸೀಮೆ ಶುರುವಾಗುತ್ತದೆ, ಗಾಳಿಯೂ ಚೆನ್ನಾಗಿ ಸಿಗುತ್ತದೆ. ಹಾಸನದವರಿಗೆ ಅರಸೀಕೆರೆ, ಹೊಳೆನರಸೀಪುರದ ಕಡೆಯ ರಸ್ತೆಗಳಲ್ಲಿ ಇಂಥ ತುಣುಕುಗಳಿವೆ. ಚಿಕ್ಕಮಗಳೂರಿನಿಂದ ಕಡೂರಿಗೆ ಹೋಗುವಾಗ ಒಟ್ಟಿನಲ್ಲಿ ಇಳಿಜಾರು ಅನ್ನುವುದು ನೆನಪಿರಲಿ. ಆ ಕಡೆ ಹೋದ ಟೈಮ್ ಮಾತ್ರ ನೋಡಿ ಖುಷಿಪಡಬೇಡಿ. ವಾಪಸ್ ಬಂದ ಟೈಮ್ ಸೇರಿಸಿದರೇ ಅದು ನಿಜ.

ಹಾಸನದಿಂದ ಬೆಂಗಳೂರಿನ ಕಡೆಯ ನಾಲ್ಕು ಪಥದ ಹೆದ್ದಾರಿ 75 ನುಣುಪಾಗಿದೆ ಅಂತ ಆಸೆಯಾಗುತ್ತದೆ. ಏರೋ ಬಾರ್‌ನಲ್ಲಿ ಬ್ರೇಕ್ ಕೈಗೆ ಸಿಗುವುದಿಲ್ಲ. ಹಿಂದೆ ನೋಡಲೂ ಆಗುವುದಿಲ್ಲ. ಎದುರಿನಿಂದ ತಪ್ಪು ಪಥದಲ್ಲಿ ಬರುವ ಬೈಕು ಒಂದೇ ಸಾಕು. ನನ್ನ ಮಟ್ಟಿಗೆ ಅದು ಅಭ್ಯಾಸದ ರಸ್ತೆಯೇ ಅಲ್ಲ.

ಇನ್ನು ನಮ್ಮ ಕಡೆಯವೇ ಆದ ಅಪಾಯಗಳು. ಸುಗ್ಗಿಯ ಹೊತ್ತಿಗೆ ರಾಗಿ, ಹುರುಳಿಯನ್ನು ರಸ್ತೆಯ ಮೇಲೇ ಒಕ್ಕಣೆಗೆ ಹರಡಿರುತ್ತಾರೆ. ಹುಲ್ಲಿನ ಮೇಲೆ ಸಣ್ಣ ಟೈರು ಜಾರುತ್ತದೆ, ಗೇರ್ ಬದಲಿಸುವ ಡಿರೇಲರ್‌ಗೆ ಸುತ್ತಿಕೊಂಡರೆ ಅದು ಮುರಿದೇ ಹೋಗುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಬೆಳಿಗ್ಗೆ ಮಂಜು. ಲೈಟ್ ಹಾಕಿದರೂ ಸಾಲುವುದಿಲ್ಲ, ಬಿಸಿಲು ಬಂದ ಮೇಲೇ ಹೊರಡಿ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕಿನವರಿಗೆ ಬೇರೆ ಹೇಳಬೇಕಾಗಿಲ್ಲ: ಆನೆ ಓಡಾಡುವ ತೋಟದ ರಸ್ತೆಗೆ ನಸುಕಿನಲ್ಲಿ ಸೈಕಲ್ ತೆಗೆದುಕೊಂಡು ಹೋಗಬೇಡಿ. ಅರಣ್ಯ ಇಲಾಖೆಯ ಎಚ್ಚರಿಕೆ ಬಂದ ದಿನ ಟ್ರೈನರ್ ಸಾಕು. ಹೊಸ ರಸ್ತೆಯಲ್ಲಿ ಮೊದಲ ದಿನ ನಿಧಾನವಾಗಿ ಹೋಗಿ, ಬಣ್ಣ ಬಳಿಯದ ಹಂಪ್‌ಗಳನ್ನು ಗುರುತು ಮಾಡಿಕೊಳ್ಳಿ.

ಹಂತ 7: ನಿಮ್ಮ ಮಿತಿ ಅಳೆದು, ಹನ್ನೆರಡು ವಾರದ ಅಭ್ಯಾಸ

ಮೊದಲು ಪರೀಕ್ಷೆ. ಚೆನ್ನಾಗಿ ಮೈ ಬಿಸಿ ಮಾಡಿಕೊಂಡು 20 ನಿಮಿಷ, ಕೊನೆವರೆಗೂ ಒಂದೇ ಸಮನೆ ತುಳಿಯಬಹುದಾದಷ್ಟು ಜೋರಾಗಿ ತುಳಿಯಿರಿ. ಅದೂ ಏರೋ ಭಂಗಿಯಲ್ಲೇ. ಸರಾಸರಿ ವ್ಯಾಟ್‌ನ ಶೇ. 95 ನಿಮ್ಮ ಮಿತಿ, ಅಂದರೆ ಸುಮಾರು ಒಂದು ಗಂಟೆ ತಡೆದು ತುಳಿಯಬಲ್ಲಷ್ಟು. ಸರಾಸರಿ 253 ಬಂದರೆ ಮಿತಿ ಸುಮಾರು 240 ವ್ಯಾಟ್. ಪವರ್ ಮೀಟರ್ ಇಲ್ಲದವರು ಒಬ್ಬರೇ 30 ನಿಮಿಷ ಪೂರ್ತಿ ಜೋರಿನಲ್ಲಿ ತುಳಿದು, ಕೊನೆಯ 20 ನಿಮಿಷದ ಸರಾಸರಿ ಹಾರ್ಟ್ ರೇಟ್ ಬರೆದುಕೊಳ್ಳಿ, ಅದೇ ನಿಮ್ಮ ಮಿತಿ.

ಘಟ್ಟದಲ್ಲಿ ಬಂದ ಸಂಖ್ಯೆಯನ್ನು ಇಲ್ಲಿಗೆ ತರಬೇಡಿ. ಏರಿನಲ್ಲಿ ನೆಟ್ಟಗೆ ಕೂತು ಬರುವ ವ್ಯಾಟ್ ಸಮತಟ್ಟಿನಲ್ಲಿ ಬಗ್ಗಿ ಬರುವುದಿಲ್ಲ. ನಮ್ಮವರು ಮೊದಲ ಐದು ನಿಮಿಷ ಮಿತಿ ಮೀರಿ ತುಳಿಯುವುದಕ್ಕೆ ದೊಡ್ಡ ಕಾರಣವೇ ಇದು. ಲೆಕ್ಕವೇ ತಪ್ಪಿರುತ್ತದೆ.

ಮೊದಲ ನಾಲ್ಕು ವಾರ ವಾರಕ್ಕೆ ಎರಡು ಜೋರಿನ ದಿನ ಸಾಕು. ಮಿತಿಯ ಶೇ. 85ರಿಂದ 90ರಲ್ಲಿ ಹತ್ತು ಹತ್ತು ನಿಮಿಷದ ಮೂರು ತುಣುಕು, ನಡುವೆ ಐದು ನಿಮಿಷ ಹಗುರ. ಉಳಿದ ದಿನ ಮಾತಾಡುತ್ತಾ ತುಳಿಯುವ ವೇಗ. ಮುಂದಿನ ಐದು ವಾರ ಒಂದು ದಿನ 20 ನಿಮಿಷದ ಎರಡು ತುಣುಕು, ಶೇ. 92ರಿಂದ 97ರಲ್ಲಿ. ಇನ್ನೊಂದು ದಿನ 8 ನಿಮಿಷದ ನಾಲ್ಕು ತುಣುಕು, ಶೇ. 100ರಿಂದ 105ರಲ್ಲಿ. ಹತ್ತು, ಹನ್ನೊಂದನೇ ವಾರದಲ್ಲಿ ಸ್ಪರ್ಧೆಯ ಬಟ್ಟೆ, ಹೆಲ್ಮೆಟ್, ಚಕ್ರ ಎಲ್ಲ ಹಾಕಿ ಸ್ಪರ್ಧೆಯ ಮುಕ್ಕಾಲು ದೂರವನ್ನು ಸ್ಪರ್ಧೆಯಂತೆಯೇ ತುಳಿಯಿರಿ. ಕೊನೆಯ ವಾರ ಹೊತ್ತನ್ನು ಅರ್ಧಕ್ಕೆ ಇಳಿಸಿ, ಆದರೆ ಚಿಕ್ಕ ಚಿಕ್ಕ ಜೋರಿನ ತುಣುಕು ಬಿಡಬೇಡಿ. ಪೂರ್ತಿ ಮಲಗಿ ಹೋದರೆ ಕಾಲು ಭಾರ ಅನಿಸುತ್ತದೆ.

ಎದ್ದಾಗಿನ ನಾಡಿ ಮಾಮೂಲಿಗಿಂತ ಏಳೆಂಟು ಬಡಿತ ಜಾಸ್ತಿ ಇದ್ದು, ನಿದ್ದೆಯೂ ಸರಿ ಬರದಿದ್ದರೆ ಆ ದಿನದ ಜೋರನ್ನು ಬಿಡಿ. ನಾಳೆ ಸೇರಿಸಿ ಮಾಡುತ್ತೇನೆ ಅಂತಲೂ ಹೊರಡಬೇಡಿ.

ಹಂತ 8: ಯಾವಾಗ ಎಷ್ಟು ತುಳಿಯಬೇಕು

ಮಿತಿ 240 ವ್ಯಾಟ್ ಇರುವವರ ಲೆಕ್ಕ ಹೀಗಿರಲಿ. ಸೈಕಲ್ ವೇಗಕ್ಕೆ ಬಂದ ಮೇಲೆ ಮೊದಲ ಐದು ನಿಮಿಷ 225ರಿಂದ 230. ಇದು ತೀರಾ ಸುಲಭ ಅನಿಸಬೇಕು. ಅನಿಸಲಿಲ್ಲ ಅಂದರೆ ಎಲ್ಲೋ ತಪ್ಪಿದೆ. ಆಮೇಲೆ 235ರಿಂದ 240. ಎದುರು ಗಾಳಿ ಅಥವಾ ಸಣ್ಣ ಏರು ಸಿಕ್ಕರೆ 250ರಿಂದ 255. ಹಿಂದಿನಿಂದ ಗಾಳಿ ಅಥವಾ ಇಳಿಜಾರಿದ್ದರೆ 220ರ ಹತ್ತಿರ ಇಳಿಸಿ. ಕೊನೆಯ 4, 5 ಕಿ.ಮೀನಲ್ಲಿ ಉಳಿದದ್ದೆಲ್ಲ ಹಾಕಿ.

ಗಾಳಿಗೆ ಎದುರು ಯಾಕೆ ಜಾಸ್ತಿ ಹಾಕಬೇಕು? 20 ಕಿ.ಮೀ ಎದುರು ಗಾಳಿಗೆ ಗಂಟೆಗೆ 32 ಕಿ.ಮೀ ವೇಗದಲ್ಲಿ ಹೋದರೆ 37 ನಿಮಿಷ 30 ಸೆಕೆಂಡ್. 33ರಲ್ಲಿ ಹೋದರೆ 1 ನಿಮಿಷ 8 ಸೆಕೆಂಡ್ ಉಳಿಯುತ್ತದೆ. ವಾಪಸ್ ಬರುವಾಗ 44ರ ಬದಲು 43ರಲ್ಲಿ ಬಂದರೆ ಕಳೆದುಕೊಳ್ಳುವುದು 38 ಸೆಕೆಂಡ್ ಮಾತ್ರ. ಅಲ್ಲಿಗೆ ಅರ್ಧ ನಿಮಿಷ ಲಾಭ. ನಿಧಾನ ಇರುವ ಕಡೆ ಜಾಸ್ತಿ ಹೊತ್ತು ಕಳೆಯುತ್ತೀರಿ, ಉಳಿತಾಯವೂ ಅಲ್ಲೇ ಸಿಗುತ್ತದೆ. ಹಾಗಂತ ಎದುರು ಗಾಳಿಗೆ ಮಿತಿಗಿಂತ ಶೇ. 5, 6 ದಾಟಿದರೆ ವಾಪಸ್ ಬರಲು ಕಾಲೇ ಉಳಿಯುವುದಿಲ್ಲ.

ಹಾರ್ಟ್ ರೇಟ್ ನೋಡಿ ತುಳಿಯುವವರು ಮೊದಲ ಐದು ನಿಮಿಷ ಅದನ್ನು ನಂಬಬೇಡಿ. ಅದು ಹಿಂದೆ ಹಿಂದೆ ಏರುತ್ತದೆ. ಆ ಹೊತ್ತಿನಲ್ಲಿ ಉಸಿರೇ ಅಳತೆ. ನಿಮ್ಮ ಹೆಸರು, ಊರು ಹೇಳುವಷ್ಟು ಉಸಿರು ಇರಬೇಕು.

ಇನ್ನೊಂದು ವಿಷಯ ನಮ್ಮವರಿಗೆ ಮಾತ್ರ. ಹಾಸನ, ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿವೆ. ಇಲ್ಲಿ ಗಾಳಿ ಸುಮಾರು ಶೇ. 10ರಷ್ಟು ತೆಳು. ಸ್ಪರ್ಧೆ ತಗ್ಗಿನ ಊರಲ್ಲಿದ್ದರೆ ಅದೇ ವ್ಯಾಟ್‌ಗೆ ಗಂಟೆಗೆ ಹೆಚ್ಚುಕಡಿಮೆ ಒಂದು ಕಿ.ಮೀ ಕಡಿಮೆ ವೇಗ ಬರಬಹುದು. ವೇಗದ ಸಂಖ್ಯೆ ನೋಡಿ ಗಾಬರಿಯಾಗಿ ಜೋರು ಮಾಡಬೇಡಿ. ಹ್ಯಾಂಡಲ್ ಮೇಲಿನ ಸೈಕಲ್ ಕಂಪ್ಯೂಟರ್ ಪರದೆಯಲ್ಲಿ ವೇಗವನ್ನು ಬಚ್ಚಿಟ್ಟು ವ್ಯಾಟ್ ಮತ್ತು ದೂರ ಮಾತ್ರ ಇಟ್ಟುಕೊಳ್ಳಿ.

ಹಂತ 9: ಯು ಟರ್ನ್ ಮತ್ತು ದಾಟುವ ನಿಯಮ

ಹೋಗಿ ಬರುವ ಹೆದ್ದಾರಿಯಲ್ಲಿ ಸ್ಪರ್ಧೆ ಇಟ್ಟರೆ ಕೋನ್ ಸುತ್ತಿ ತಿರುಗಬೇಕು. ಇದನ್ನು ಅಭ್ಯಾಸ ಮಾಡುವವರೇ ಇಲ್ಲ. ಖಾಲಿ ಮೈದಾನದಲ್ಲಿ ಎರಡು ಇಟ್ಟಿಗೆ ಇಟ್ಟು ಮಾಡಿ. ಕ್ರಮ ಇಷ್ಟೇ: ಏರೋ ಬಾರ್‌ನಿಂದ ಕೈ ತೆಗೆದು ಬ್ರೇಕ್ ಹಿಡಿಯುವುದು, ನೇರ ಇರುವಾಗಲೇ ವೇಗ ಇಳಿಸಿ ಗೇರ್ ಹಗುರ ಮಾಡುವುದು, ಒಳಗಿನ ಪೆಡಲ್ ಮೇಲಿಟ್ಟು ತಿರುಗುವುದು, ಎದ್ದು ನಿಂತು ಹತ್ತು ಹನ್ನೆರಡು ಸಲ ತುಳಿದು ಮತ್ತೆ ಬಗ್ಗುವುದು. ಭಾರದ ಗೇರ್‌ನಲ್ಲೇ ತಿರುಗಿದವರು ಅಲ್ಲೇ ನಿಂತುಬಿಡುತ್ತಾರೆ.

ಮುಂದಿನವರನ್ನು ಹಿಡಿದರೆ ಪಕ್ಕಕ್ಕೆ ಕನಿಷ್ಠ 2 ಮೀಟರ್ ಜಾಗ ಬಿಟ್ಟು ದಾಟಬೇಕು. ನಿಮ್ಮನ್ನೇ ಯಾರಾದರೂ ಹಿಡಿದರೆ ಅವರ ಹಿಂದೆ ಅಂಟಿಕೊಳ್ಳುವಂತಿಲ್ಲ. 1 ಕಿ.ಮೀ ಆದ ಮೇಲೆ ಇಬ್ಬರ ನಡುವೆ ಕನಿಷ್ಠ 25 ಮೀಟರ್ ಇರಬೇಕು. ಮೀರಿದರೆ ಟೈಮ್ ಸೇರಿಸುತ್ತಾರೆ. ಹಿಂದೆ ವಾಹನ ಇದ್ದರೆ ಅದು 10 ಮೀಟರ್ ಹಿಂದೆಯೇ ಇರಬೇಕು. ಪಕ್ಕಕ್ಕೆ ಬಂದು ನೀರು ಕೊಡುವ ಅಣ್ಣಂದಿರಿಗೆ ಇದನ್ನು ಮುಂಚೆಯೇ ಹೇಳಿಡಿ.

ಹಂತ 10: ಸೈಕಲ್ ಸಾಗಿಸುವುದು

ರೈಲಿಗೆ ಅರಸೀಕೆರೆ, ಕಡೂರು, ಬೀರೂರು ಹತ್ತಿರ. ಸ್ಪರ್ಧೆಗೆ ಕನಿಷ್ಠ ಮೂರು ದಿನ ಮುಂಚೆ ಊರು ತಲುಪುವ ಹಾಗೆ ಹೊರಡಿ. ಡಿರೇಲರ್ ಬಿಚ್ಚಿ ಬಬಲ್ ಶೀಟ್ ಸುತ್ತಿ ಫ್ರೇಮ್ ಒಳಗೆ ಕಟ್ಟಿ. ಫೋರ್ಕ್ ಮತ್ತು ಹಿಂದಿನ ಕವಲಿನ ನಡುವೆ ಮರದ ತುಂಡು ಕೊಟ್ಟು ಬಿಗಿಯಿರಿ, ಇಲ್ಲದಿದ್ದರೆ ಮೇಲೆ ಬಿದ್ದ ಭಾರಕ್ಕೆ ಬಾಗುತ್ತದೆ. ಎಡ ಪೆಡಲ್ ಉಲ್ಟಾ ದಾರದ್ದು, ಬಿಚ್ಚುವಾಗ ಜೋರು ಮಾಡಿ ಹಾಳು ಮಾಡಬೇಡಿ. ಸೀಟ್ ಪೋಸ್ಟ್, ಪ್ಯಾಡ್, ಬಾರ್ ಎಲ್ಲದಕ್ಕೂ ಬಣ್ಣದ ಟೇಪಿನ ಗುರುತು ಹಾಕಿ, ಅಳತೆಯ ಫೋಟೋ ಫೋನ್‌ನಲ್ಲಿ ಇಟ್ಟುಕೊಳ್ಳಿ. ಹೆಲ್ಮೆಟ್, ಶೂ, ಸ್ಪರ್ಧೆಯ ಬಟ್ಟೆ ಮಾತ್ರ ಕೈಚೀಲದಲ್ಲೇ ಇರಲಿ.

ಹಂತ 11: ಊಟ, ಕಾಫಿ, ಮಾತ್ರೆ

ಸ್ಪರ್ಧೆಗೆ ಮೂರು ಗಂಟೆ ಮುಂಚೆ ತಿಂಡಿ ಮುಗಿಸಿ. ಇಡ್ಲಿ, ಅವಲಕ್ಕಿ, ಬಾಳೆಹಣ್ಣು ಸಾಕು. ಹೊರರಾಜ್ಯದ ಕ್ಯಾಂಪ್‌ನಲ್ಲಿ ಬೆಳಿಗ್ಗೆಯೇ ಎಣ್ಣೆ ಪೂರಿ ಬಂದರೆ ಏನು ಮಾಡುತ್ತೀರಿ? ಅವಲಕ್ಕಿ ಪೊಟ್ಟಣ ಮನೆಯಿಂದಲೇ ಒಯ್ಯಿರಿ. ಮುದ್ದೆ ಊಟ ಹಿಂದಿನ ದಿನಕ್ಕೆ ಚೆಂದ, ಆ ದಿನಕ್ಕಲ್ಲ.

ಕಾಫಿ ನಾಡಿನವರಿಗೆ ಕಾಫಿ ಬೇಡ ಅನ್ನಲಾದೀತಾ? ಕೆಫೀನ್ ನಿಷೇಧಿತ ಪಟ್ಟಿಯಿಂದ 2004ರಲ್ಲೇ ಹೊರಗೆ ಬಂದಿದೆ. ಸ್ಪರ್ಧೆಗೆ ಒಂದು ಗಂಟೆ ಮುಂಚೆ ನಿಮ್ಮ ಮಾಮೂಲಿ ಲೋಟ ಕುಡಿಯಿರಿ. ದಿನವೂ ಕುಡಿಯದವರು ಅಂದೇ ಶುರು ಮಾಡಬೇಡಿ.

ಮಾತ್ರೆ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ರಾಷ್ಟ್ರೀಯ ಸ್ಪರ್ಧೆಯಲ್ಲಿ ಉದ್ದೀಪನ ಮದ್ದು ತಡೆಯುವ ಸಂಸ್ಥೆ ನಾಡಾದ ಅಧಿಕಾರಿಗಳು ಮೂತ್ರ ಪರೀಕ್ಷೆಗೆ ಕರೆಯಬಹುದು. ಅಂಗಡಿಯಲ್ಲಿ ಸಿಗುವ ಕೆಲವು ಶೀತದ ಮಾತ್ರೆ, ಸಿರಪ್‌ಗಳಲ್ಲಿ ಎಫೆಡ್ರಿನ್ ಅಥವಾ ಸ್ಯೂಡೋಎಫೆಡ್ರಿನ್ ಇರುತ್ತದೆ. ಸ್ಪರ್ಧೆಯ ಹೊತ್ತಿಗೆ ಮೂತ್ರದಲ್ಲಿ ಅವು ಮಿತಿ ದಾಟಿದರೆ ತಪ್ಪಿತಸ್ಥರಾಗುತ್ತೀರಿ. ಜಿಮ್‌ನಲ್ಲಿ ಯಾರೋ ಕೊಟ್ಟ ಪುಡಿ, ಲೇಬಲ್ ಇಲ್ಲದ ಲೇಹ್ಯ ಮುಟ್ಟಲೇಬೇಡಿ. ಗೊತ್ತಿರಲಿಲ್ಲ ಅನ್ನುವ ಉತ್ತರ ಅಲ್ಲಿ ನಡೆಯುವುದಿಲ್ಲ. ವೈದ್ಯರು ಬರೆದ ಔಷಧಿ ಬೇಕೇ ಬೇಕು ಅಂದರೆ ಮುಂಚಿತವಾಗಿ ಅನುಮತಿ ಪಡೆಯುವ ದಾರಿ ಇದೆ.

ಹಂತ 12: ಆ ದಿನದ ಗಡಿಯಾರ

ನಿಮ್ಮ ಸ್ಟಾರ್ಟ್ ಟೈಮ್‌ನಿಂದ ಹಿಂದಕ್ಕೆ ಎಣಿಸಿ. ಎರಡು ಗಂಟೆ ಮುಂಚೆ ಜಾಗದಲ್ಲಿರಿ. ಟೈರಿನ ಗಾಳಿ ಅಲ್ಲೇ ಹಾಕಿ. 25 ಮಿ.ಮೀ ಟೈರಿಗೆ 80ರಿಂದ 90 ಪಿಎಸ್‌ಐ ನಮ್ಮ ರಸ್ತೆಗಳಿಗೆ ಸಾಕು, 120 ಹಾಕಿದರೆ ಸೈಕಲ್ ಕುಣಿಯುತ್ತದೆ. ಟೈರಿನಲ್ಲಿ ಸೀಳು, ಗಾಜು ಇದೆಯಾ ಬೆರಳಾಡಿಸಿ ನೋಡಿ. ನಂಬರ್ ಪಟಪಟ ಅನ್ನದ ಹಾಗೆ ಎಲ್ಲ ಮೂಲೆಗೂ ಪಿನ್ ಹಾಕಿ.

ಒಂದು ಗಂಟೆ ಮುಂಚೆ ಒಮ್ಮೆ ಅಳತೆ ತೋರಿಸಿಕೊಂಡು ಬನ್ನಿ, ಬಿಟ್ಟರೆ. ಏನಾದರೂ ಬದಲಿಸಬೇಕಾದರೆ ಹೊತ್ತಿರುತ್ತದೆ. 45 ನಿಮಿಷ ಇರುವಾಗ ಟ್ರೈನರ್ ಮೇಲೆ ಕೂರಿ. ಹತ್ತು ನಿಮಿಷ ಹಗುರ, ಐದು ನಿಮಿಷ ನಿಧಾನವಾಗಿ ಏರಿಸುವುದು, ಒಂದು ನಿಮಿಷದ ಜೋರು ಮೂರು ಸಲ, ಮತ್ತೆ ಐದು ನಿಮಿಷ ಹಗುರ. ಬಿಸಿಲಿದ್ದರೆ ಇದನ್ನೂ ಕಡಿಮೆ ಮಾಡಿ, ಕತ್ತಿಗೆ ಒದ್ದೆ ಬಟ್ಟೆ ಹಾಕಿಕೊಳ್ಳಿ. ಅಂತಿಮ ತಪಾಸಣೆಗೆ ಕನಿಷ್ಠ 15 ನಿಮಿಷ ಮುಂಚೆ ಸೈಕಲ್ ಒಪ್ಪಿಸಬೇಕು. ಅದಾದ ಮೇಲೆ ಬಾರ್, ಸೀಟು ಮುಟ್ಟುವಂತಿಲ್ಲ.

ತಡವಾಗಿ ಬಂದರೆ ಗಡಿಯಾರ ನಿಮಗಾಗಿ ಕಾಯುವುದಿಲ್ಲ. ಪಟ್ಟಿಯಲ್ಲಿರುವ ಟೈಮ್‌ನಿಂದಲೇ ಲೆಕ್ಕ ಶುರು. ಸ್ಟಾರ್ಟ್‌ನಲ್ಲಿ ಹಿಂದಿನಿಂದ ಸೀಟು ಹಿಡಿದಿರುತ್ತಾರೆ. ಎರಡು ಕಾಲೂ ಪೆಡಲ್‌ಗೆ ಸಿಕ್ಕಿಸಿ, ಅಲುಗಾಡದೆ ಇರಿ. ಗೇರ್ ಮಧ್ಯದ್ದು ಇರಲಿ. ಕೊನೆಯ ಐದು ಸೆಕೆಂಡ್ ಎಣಿಸುವಾಗ ಉಸಿರು ಬಿಗಿ ಹಿಡಿಯಬೇಡಿ. ಹೊರಟ ಮೇಲೆ ಸೈಕಲ್ ವೇಗಕ್ಕೆ ಬರುವ ತನಕ ಎದ್ದು ತುಳಿದು, ತಕ್ಷಣ ಕೂತು ಬಗ್ಗಿ.

ಮುಗಿದ ಮೇಲೆ ಹತ್ತು ನಿಮಿಷ ಹಗುರವಾಗಿ ತುಳಿಯಿರಿ. ಪರೀಕ್ಷೆಗೆ ಕರೆದಿದ್ದಾರಾ ಅಂತ ಕೇಳಿ ತಿಳಿದುಕೊಂಡೇ ಅಲ್ಲಿಂದ ಹೊರಡಿ. ಅದೇ ಸಂಜೆ ದಾಖಲೆ ತೆರೆದು 5 ಕಿ.ಮೀ ತುಣುಕುಗಳ ವ್ಯಾಟ್ ಸಾಲಾಗಿ ಬರೆಯಿರಿ. ಮೊದಲನೆಯದು ಎಲ್ಲಕ್ಕಿಂತ ಜಾಸ್ತಿ, ಕೊನೆಯದು ಎಲ್ಲಕ್ಕಿಂತ ಕಡಿಮೆ ಬಂದಿದ್ದರೆ 8ನೇ ಹಂತಕ್ಕೆ ವಾಪಸ್ ಹೋಗಿ. ಎಲ್ಲ ಸಮನಾಗಿದ್ದೂ ಟೈಮ್ ಸಾಲದಿದ್ದರೆ 4ನೇ ಹಂತಕ್ಕೆ.